ಪೂಲಿನ ಕಾಲ, ಗಿಡದ ಕಾಲ: ಕಾಫಿ ಮಂಡಳಿ ನಡೆದು ಬಂದ ದಾರಿ

ಕಾಫಿ ಮಂಡಳಿ ಹುಟ್ಟಿದ್ದು ಬೆಳೆಗಾರರ ಕಾಫಿಯನ್ನು ಮಾರಿಕೊಡುವುದಕ್ಕೆ. 1996ರಿಂದೀಚೆಗೆ ಅದು ಯಾವ ಬೆಳೆಗಾರನ ಮೂಟೆಯನ್ನೂ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟಾಗಿಸಿ ಮಾರುವ ಏರ್ಪಾಡಿಗೆ, ತೆಗೆದುಕೊಂಡಿಲ್ಲ. ಹುಟ್ಟಿದ ಉದ್ದೇಶ ಮುಗಿದ ಮೇಲೂ ಒಂದು ಸರ್ಕಾರಿ ಸಂಸ್ಥೆ ಮೂರು ದಶಕ ಬಾಳುವುದು ನಮ್ಮಲ್ಲಿ ಏನು ಮಹಾ ಎಂದು ಯಾರಾದರೂ ಕೊಂಕು ನುಡಿಯಬಹುದು. ಈ ಸಂಸ್ಥೆಯ ಮಟ್ಟಿಗೆ ಬೇರೊಂದು ಕಾರಣವಿದೆ. ಮಂಡಳಿಗಿಂತ 17 ವರ್ಷ ಹಿರಿಯದಾದ ಬಾಳೆಹೊನ್ನೂರಿನ ಪ್ರಯೋಗ ಕೇಂದ್ರ 1940ರ ದಶಕದಲ್ಲಿ ಮಂಡಳಿಯ ಮಡಿಲಿಗೆ ಬಂದು ಸೇರಿತು. ಮಾರಾಟದ ಕೆಲಸ ಕೈಬಿಟ್ಟು ಹೋದಾಗ ಮಂಡಳಿಯನ್ನು ಎತ್ತಿ ಹಿಡಿದದ್ದು ಆ ಕೇಂದ್ರ ಬೆಳೆಸಿಕೊಟ್ಟ ಗಿಡಗಳು, ತೋಟದಿಂದ ತೋಟಕ್ಕೆ ಓಡಾಡಿದ ಅದರ ವಿಸ್ತರಣಾಧಿಕಾರಿಗಳು. ಬಾಳೆಹೊನ್ನೂರಿಗೆ 2025ರಲ್ಲಿ ನೂರು ತುಂಬಿತು. ಆ ನೆಪದಲ್ಲಿ ಎರಡೂ ಚರಿತ್ರೆಗಳನ್ನು ಒಟ್ಟಿಗೆ ಹೇಳುವುದು ನ್ಯಾಯ. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ.

ಬಾಬಾಬುಡನ್ ಸೊಂಟಕ್ಕೆ ಕಟ್ಟಿ ತಂದ ಏಳು ಬೀಜಗಳ ಕಥೆ ಎಲ್ಲರಿಗೂ ಗೊತ್ತು. ಅದನ್ನಿಲ್ಲಿ ಮತ್ತೆ ಹೇಳುವುದಿಲ್ಲ. ಮಲೆನಾಡಿನ ಕಾಫಿ ದೊಡ್ಡ ಉದ್ಯಮವಾದದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳ ಬಂಡವಾಳ ಕೊಡಗು, ಚಿಕ್ಕಮಗಳೂರು, ಮಂಜರಾಬಾದಿನ ಕಾಡುಗಳಿಗೆ ಇಳಿದ ಮೇಲೆ. ಬೆನ್ನಿಗೇ ಎರಡು ಪೀಡೆಗಳು ಬಂದವು. 1860ರ ದಶಕದಲ್ಲಿ ಕಾಂಡ ಕೊರೆಯುವ ಬಿಳಿ ಬೋರರ್ ಹುಳು ಗಿಡಗಳನ್ನು ಒಣಗಿಸಿತು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕೆಲವೇ ವರ್ಷಗಳಲ್ಲಿ ಇಲ್ಲಿಗೂ ದಾಟಿತು. ಸಿಲೋನ್ ಸೋತು ಚಹಾಕ್ಕೆ ಹೊರಳಿತು. ನಮ್ಮವರು ಕಾಫಿಯನ್ನು ಬಿಡಲಿಲ್ಲ, ಆದರೆ ‘ಚಿಕ್ಸ್’ ಎಂದು ಕರೆಯುತ್ತಿದ್ದ ಹಳೆಯ ತಳಿಯನ್ನು ಕಳೆದುಕೊಂಡರು. ನೆರಳಿನಲ್ಲಿ ಕಾಫಿ ಬೆಳೆಯುವ ನಮ್ಮ ಪದ್ಧತಿಗೆ ಈ ಬೋರರ್ ಕೂಡ ಒಂದು ಕಾರಣ. ಬಿಸಿಲು ಬಿದ್ದ ಕಾಂಡವೆಂದರೆ ಅದಕ್ಕೆ ಹಬ್ಬ. ಮರ ಕಡಿದು ಬಯಲಲ್ಲಿ ಕಾಫಿ ಬೆಳೆದ ದೇಶಗಳು ಎಕರೆಗೆ ನಮಗಿಂತ ಹೆಚ್ಚು ಇಳುವರಿ ತೆಗೆದವು. ನಮ್ಮ ತೋಟ ಅರ್ಧ ಕಾಡಾಗಿಯೇ ಉಳಿಯಿತು.

ವಿಜ್ಞಾನಿ ಬರುವುದಕ್ಕೆ ಮುಂಚೆ ಬೆಳೆಗಾರನ ಕಣ್ಣೇ ವಿಜ್ಞಾನದ ಕೆಲಸ ಮಾಡಿತು. 1911ರ ಸುಮಾರಿಗೆ ದೊಡ್ಡೇನಗುಡ್ಡ ಎಸ್ಟೇಟಿನಲ್ಲಿ ಕೆಂಟ್ ಎಂಬ ಪ್ಲಾಂಟರ್ ತುಕ್ಕು ತಗುಲದ ಕೆಲವು ಗಿಡಗಳನ್ನು ಗುರುತಿಸಿ ಬೀಜ ಹಿಡಿದ. ‘ಕೆಂಟ್ಸ್’ ಎಂಬ ಆ ತಳಿ ಹತ್ತಾರು ವರ್ಷ ಮಲೆನಾಡನ್ನು ಕಾಪಾಡಿತು. ಆಮೇಲೆ ಅದಕ್ಕೂ ತುಕ್ಕು ಹತ್ತಿತು. ನಿರೋಧಕ ತಳಿಯ ನಿರೋಧ ಯಾಕೆ ಮುರಿಯುತ್ತದೆ ಎಂಬ ಪ್ರಶ್ನೆ ಆಗ ಹುಟ್ಟಿತು. ಉತ್ತರ ಕಂಡುಹಿಡಿಯಲು ಸಂಬಳ ಕೊಟ್ಟು ಜನರನ್ನು ಇಡಬೇಕಾಯಿತು.

ಆ ಕೆಲಸಕ್ಕೆ ಮೈಸೂರು ಸರ್ಕಾರದ ಬಳಿ ಸರಿಯಾದ ಮನುಷ್ಯನೇ ಇದ್ದ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಶಿಲೀಂಧ್ರ ಹಾಗೂ ಕೀಟ ತಜ್ಞನಾಗಿ ಮೈಸೂರಿಗೆ ಬಂದವನು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮದ್ದನ್ನು ಮಲೆನಾಡಿಗೆ ಹತ್ತಿಸಿದವನು. ಹೆಬ್ಬಾಳದ ಕೃಷಿ ಶಾಲೆಯ ಹಿಂದೆ ಇದ್ದವನೂ ಅವನೇ. ಕೃಷಿ ನಿರ್ದೇಶಕನಾಗಿ ಅವನು ಪಟ್ಟು ಹಿಡಿದದ್ದರಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಇಲ್ಲಿ 1930ರ ದಶಕದಲ್ಲಿ ಕೆಲಸ ಮಾಡಿದ ಡಬ್ಲ್ಯು. ಡಬ್ಲ್ಯು. ಮೇಯ್ನ್, ತುಕ್ಕು ಶಿಲೀಂಧ್ರ ಒಂದೇ ಬಗೆಯದಲ್ಲ, ಅದರಲ್ಲಿ ಬೇರೆ ಬೇರೆ ಪ್ರಭೇದಗಳಿವೆ, ಒಂದಕ್ಕೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುತ್ತದೆ ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟ. ಕೆಂಟ್ಸ್ ಯಾಕೆ ಸೋತಿತು ಎಂಬುದಕ್ಕೆ ಉತ್ತರ ಸಿಕ್ಕಿತ್ತು.

ಉತ್ತರದಿಂದ ಹೊಟ್ಟೆ ತುಂಬುವುದಿಲ್ಲವಲ್ಲ, ಗಿಡ ಬೇಕಿತ್ತು. ಅರೇಬಿಕಾ ಮತ್ತು ಲಿಬೆರಿಕಾ ತಾವಾಗಿಯೇ ಕೂಡಿ ಹುಟ್ಟಿದ ಒಂದು ಗಿಡದ ಸಂತಾನದಿಂದ ಎಸ್. 288 ಬಂತು. ಅದನ್ನು ಕೆಂಟ್ಸ್ ಜೊತೆ ಕೂಡಿಸಿದಾಗ ಸಿಕ್ಕಿದ್ದು ಎಸ್. 795. ಬೆಳೆಗಾರರ ಬಾಯಲ್ಲಿ ಇದು ಬರೀ ‘ಸೆವೆನ್ ನೈಂಟಿ ಫೈವ್’. 1940ರ ದಶಕದ ನಡುವೆ ತೋಟಗಳಿಗೆ ಇಳಿದ ಈ ತಳಿ ಇಂದಿಗೂ ಮಲೆನಾಡಿನ ಅರೇಬಿಕಾ ತೋಟಗಳ ಬೆನ್ನೆಲುಬು. ಎಂಟು ದಶಕ ಒಂದೇ ತಳಿ ಬೆಳೆಗಾರರ ವಿಶ್ವಾಸ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ. ಮಂಡಳಿಯ ಚರಿತ್ರೆಯಲ್ಲಿ ಅತಿ ಹೆಚ್ಚು ಆದಾಯ ತಂದ ನಿರ್ಧಾರ ಯಾವುದು ಎಂದು ನನ್ನನ್ನು ಕೇಳಿದರೆ, ಯಾವುದೇ ಹರಾಜು, ಯಾವುದೇ ರಫ್ತು ಒಪ್ಪಂದವನ್ನು ಹೆಸರಿಸುವುದಿಲ್ಲ. ಈ ಬೀಜವನ್ನು ಹಂಚಿದ್ದನ್ನು ಹೇಳುತ್ತೇನೆ.

ಇನ್ನು ಮಾರಾಟದ ಕಥೆ. 1930ರ ದಶಕದ ಜಾಗತಿಕ ಕುಸಿತದಲ್ಲಿ ಕಾಫಿ ಬೆಲೆಯೂ ಬಿತ್ತು. ಬೆಳೆಗಾರರು ಕೈಜೋಡಿಸಿದ್ದರಿಂದ 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂದು, ಸೆಸ್ ಹಣದಲ್ಲಿ ಕಾಫಿ ಕುಡಿಯುವುದನ್ನು ಪ್ರಚಾರ ಮಾಡುವ ಸಮಿತಿಯೊಂದು ಏರ್ಪಟ್ಟಿತು. 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ತೆರೆದ ಕಾಫಿ ಹೌಸ್ ಆ ಸಮಿತಿಯದು. ಅಲ್ಲಿಯತನಕ ಬೆಳೆಗಾರ ಕಾಫಿ ಮಾರುತ್ತಿದ್ದದ್ದು ಕರಾವಳಿಯ ಏಜೆನ್ಸಿ ಹೌಸ್‌ಗಳಿಗೆ. ಮಂಗಳೂರಿನ ಪಿಯರ್ಸ್ ಲೆಸ್ಲಿಯಂಥ ಕಂಪನಿಗಳು ಬೆಳೆಯ ಮೇಲೆ ಮುಂಗಡ ಕೊಡುತ್ತಿದ್ದವು, ಕಾಫಿ ಕ್ಯೂರ್ ಮಾಡುತ್ತಿದ್ದವು (ಸಿಪ್ಪೆ ತೆಗೆದು ದರ್ಜೆ ಬಿಡಿಸುತ್ತಿದ್ದವು), ಹಡಗಿಗೂ ಹತ್ತಿಸುತ್ತಿದ್ದವು. ಸಾಲ ಕೊಟ್ಟವನೇ ಕೊಳ್ಳುವವನಾದಾಗ ಬೆಲೆಯ ಬಗ್ಗೆ ಎಷ್ಟು ಮಾತಾಡಬಹುದು ಎಂಬುದನ್ನು ವಿವರಿಸಬೇಕಾಗಿಲ್ಲ.

1939ರಲ್ಲಿ ಯುದ್ಧ ಶುರುವಾಗಿ ಯುರೋಪಿನ ಬಂದರುಗಳು ಒಂದೊಂದಾಗಿ ಮುಚ್ಚಿದವು. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಅಲ್ಲಿಯವರೇ. ಕಣದಲ್ಲಿ ಒಣಗಿದ ಕಾಫಿಗೆ ಕೊಳ್ಳುವವರಿಲ್ಲದೆ ಹೋದಾಗ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ ತಂದಿತು. ಅದೇ 1942ರ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯ್ದೆಯಾಗಿ ಗಟ್ಟಿಯಾಗಿ ಕಾಫಿ ಮಂಡಳಿಗೆ ಹುಟ್ಟು ಕೊಟ್ಟಿತು. ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು, ಕಾಯ್ದೆಯ ಹೆಸರು ಬರೀ ಕಾಫಿ ಕಾಯ್ದೆ ಎಂದಾಯಿತು. ಆಪತ್ಕಾಲಕ್ಕೆಂದು ಮಾಡಿದ ಏರ್ಪಾಡು ಮಾತ್ರ ಐವತ್ತು ವರ್ಷ ಉಳಿಯಿತು.

ಏರ್ಪಾಡು ಹೀಗಿತ್ತು. ಮನೆಬಳಕೆಗೆ ಮತ್ತು ಬೀಜಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದ ಕಾಫಿಯನ್ನೆಲ್ಲ ಬೆಳೆಗಾರ ಮಂಡಳಿಯ ಪೂಲಿಗೆ ಒಪ್ಪಿಸಬೇಕು. ತೊಳೆದು ಒಣಗಿಸಿದ ಪಾರ್ಚ್‌ಮೆಂಟೋ ಹಣ್ಣಾಗಿಯೇ ಒಣಗಿಸಿದ ಚೆರ್ರಿಯೋ, ಮಂಡಳಿಯ ಏಜೆಂಟಾದ ಕ್ಯೂರಿಂಗ್ ವರ್ಕ್ಸ್‌ಗೆ ಮೂಟೆ ಇಳಿಸಿದ ಕ್ಷಣಕ್ಕೆ ಅದರ ಮೇಲೆ ಅವನ ಹಕ್ಕು ಮುಗಿಯಿತು. ಹಣ ಪಡೆಯುವ ಹಕ್ಕೊಂದೇ ಉಳಿಯಿತು. ಆ ಹಣವೂ ಕಾಫಿಯ ಬೆಲೆಯಾಗಿ ನೇರ ಬರುತ್ತಿರಲಿಲ್ಲ. ಪ್ರತಿ ಬಗೆಗೆ, ಪ್ರತಿ ದರ್ಜೆಗೆ ಇಷ್ಟು ಪಾಯಿಂಟ್ ಎಂದು ನಿಗದಿ. ಕ್ಯೂರಿಂಗ್ ಮುಗಿದು ದರ್ಜೆ ಗೊತ್ತಾದ ಮೇಲೆ ಬೆಳೆಗಾರನ ಖಾತೆಗೆ ಪಾಯಿಂಟ್ ಬೀಳುತ್ತಿತ್ತು. ಆ ವರ್ಷದ ಕಾಫಿಯನ್ನೆಲ್ಲ ದೇಶದೊಳಗಿನ ಹರಾಜಿನಲ್ಲಿ, ರಫ್ತು ಹರಾಜಿನಲ್ಲಿ ಮಾರಿ, ಖರ್ಚು ಕಳೆದು, ಉಳಿದ ಮೊತ್ತವನ್ನು ಒಟ್ಟು ಪಾಯಿಂಟುಗಳಿಂದ ಭಾಗಿಸಿದರೆ ಒಂದು ಪಾಯಿಂಟಿನ ಬೆಲೆ ಸಿಗುತ್ತಿತ್ತು. ಒಪ್ಪಿಸಿದಾಗ ಒಂದಿಷ್ಟು ಮೊದಲ ಕಂತು. ಮಾರಾಟವಾದ ಹಾಗೆ ಮುಂದಿನ ಕಂತುಗಳು. ಆ ವರ್ಷದ ಪೂಲು ಪೂರ್ತಿ ಮುಚ್ಚಿ ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ಒಂದೆರಡು ಫಸಲೂ ಕಣಕ್ಕೆ ಬಂದಿರುತ್ತಿದ್ದವು.

ಇದರಲ್ಲಿ ಒಂದು ದೊಡ್ಡ ಸಮತೆ ಇತ್ತು. ಸೋಮವಾರಪೇಟೆಯ ಎರಡೆಕರೆಯವನ ಪಾಯಿಂಟಿಗೂ ಸಾವಿರ ಎಕರೆಯ ಕಂಪನಿಯ ಪಾಯಿಂಟಿಗೂ ಬೆಲೆ ಒಂದೇ. ವ್ಯಾಪಾರಿಯ ತೂಕದ ಮೋಸ, ಮುಂಗಡದ ಬಡ್ಡಿ, ಕಟಾವಿನ ಹೊತ್ತಿಗೆ ಬೀಳುವ ದರ, ಮೂರೂ ಇಲ್ಲ. ಕಾಫಿ ಯಾವಾಗ ಮಾರಬೇಕು ಎಂಬ ಚಿಂತೆ ಬೆಳೆಗಾರನ ತಲೆಯಿಂದ ಇಳಿಯಿತು. ಪೂಲನ್ನು ಹಳಿಯುವವರು ಇದನ್ನು ಮರೆಯುತ್ತಾರೆ. 1940-50ರ ದಶಕಗಳಲ್ಲಿ ಮೂರ್ನಾಲ್ಕು ಎಕರೆಗೆ ಹೊಸದಾಗಿ ಕಾಫಿ ಹಾಕಿದ ಸಾವಿರಾರು ಕುಟುಂಬಗಳು ಆ ಧೈರ್ಯ ಮಾಡಿದ್ದು ಕೊಳ್ಳುವವನೊಬ್ಬ ಖಾತ್ರಿ ಇದ್ದಾನೆ ಎಂಬ ಭರವಸೆಯ ಮೇಲೆ. ಇಂದು ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 25 ಎಕರೆಯೊಳಗಿನವರು. ಕಾಫಿಯನ್ನು ದೊರೆಗಳ ತೋಟದಿಂದ ಗೌಡರ, ಕೊಡವರ, ಒಕ್ಕಲಿಗರ, ಲಿಂಗಾಯತರ, ಮಾಪಿಳ್ಳೆಗಳ ಮನೆ ಹಿತ್ತಿಲಿಗೆ ತಂದದ್ದರಲ್ಲಿ ಪೂಲಿನ ಪಾಲು ದೊಡ್ಡದು.

ತೊಂದರೆ ಇದ್ದದ್ದು ಕಾಯುವಿಕೆಯಲ್ಲಿ. ಕೂಲಿಯನ್ನು ವಾರಕ್ಕೊಮ್ಮೆ ಕೊಡಬೇಕು. ನೆರಳು ತೆಗೆಸುವುದು, ಗಿಡ ಕಸಿ, ಗೊಬ್ಬರ, ಬೋರ್ಡೋ ಸಿಂಪಡಣೆ, ಯಾವುದೂ ಕಂತಿನ ಲೆಕ್ಕಕ್ಕೆ ಕಾಯುವುದಿಲ್ಲ. ಹಾಗಾಗಿ ಬೆಳೆಗಾರ ಮುಂದೆ ಬರಲಿರುವ ಪಾಯಿಂಟಿನ ಮೇಲೆ ಬ್ಯಾಂಕಿನಲ್ಲಿ ಸಾಲ ಎತ್ತುತ್ತಿದ್ದ. ಬ್ಯಾಂಕಿಗೂ ಅದು ಅನುಕೂಲವೇ. ಮಂಡಳಿಯಿಂದ ಬರುವ ಹಣ ತಪ್ಪುವಂಥದ್ದಲ್ಲ. ಮಲೆನಾಡಿನ ಬ್ಯಾಂಕ್ ಶಾಖೆಗಳು ಕಾಫಿ ಸಾಲದ ಮೇಲೆ ಬೆಳೆದದ್ದು ಈ ಕಾಲದಲ್ಲಿ. ಆದರೆ ಬಡ್ಡಿ ಯಾರ ಹೆಗಲಿಗೆ? ತನ್ನದೇ ಹಣ ಮಂಡಳಿಯ ಬಳಿ ಕೂತಿರುವಾಗ ಬೆಳೆಗಾರ ಬೇರೆಯವರ ಹಣಕ್ಕೆ ಬಡ್ಡಿ ಕಟ್ಟುತ್ತಿದ್ದ. ಪೂಲಿನ ವಿರುದ್ಧ ಮೊದಲ ಅಸಮಾಧಾನ ಬೆಲೆಯ ಬಗ್ಗೆ ಹುಟ್ಟಿದ್ದಲ್ಲ, ಈ ಬಡ್ಡಿಯ ಬಗ್ಗೆ ಎಂಬುದು ನನ್ನ ಎಣಿಕೆ. ಚೆಕ್‌ಪೋಸ್ಟ್ ತಪ್ಪಿಸಿ ರಾತ್ರಿ ಹೊತ್ತು ಸಾಗಿದ ಚೆರ್ರಿ ಮೂಟೆಗಳ ಕಥೆಗಳನ್ನು ಹಳಬರು ಈಗಲೂ ಹೇಳುತ್ತಾರೆ. ಕಡಿಮೆ ಬೆಲೆಗಾದರೂ ಸರಿ, ಕೈಗೆ ನಗದು ಬರಲಿ ಎಂದವರು ಕಳ್ಳರೇನಲ್ಲ.

ಈ ಅಸಮಾಧಾನಕ್ಕೆ ನ್ಯಾಯಾಲಯ ಕೊಟ್ಟ ತಿರುವೂ ಇದೆ. ಬೆಳೆಗಾರ ಕಾನೂನಿಗೆ ಕಟ್ಟುಬಿದ್ದು ಮೂಟೆ ಒಪ್ಪಿಸುತ್ತಾನೆ, ಇದು ಕಡ್ಡಾಯ ಸ್ವಾಧೀನವೇ ಹೊರತು ಖರೀದಿಯಲ್ಲ, ಆದ್ದರಿಂದ ಖರೀದಿ ತೆರಿಗೆ ಅನ್ವಯಿಸದು ಎಂದು ಮಂಡಳಿ ವಾದಿಸಿತು. 1988ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ಮಾರಾಟವೇ, ರಾಜ್ಯಕ್ಕೆ ತೆರಿಗೆ ಸಲ್ಲಬೇಕು ಎಂದಿತು. ಬೇರೆಯವರಿಗೆ ಮಾರುವಂತಿಲ್ಲ, ಬೆಲೆ ಕೇಳುವಂತಿಲ್ಲ, ಆದರೂ ನೀನು ಮಾರಿದ್ದೀಯ ಎಂದರೆ ಬೆಳೆಗಾರನಿಗೆ ಹೇಗೆ ಅನ್ನಿಸಿರಬೇಕು! ಕಾನೂನಿನ ತರ್ಕ ಅದರಷ್ಟಕ್ಕೆ ಸರಿ ಇರಬಹುದು. ಪೂಲನ್ನು ಒಡೆಯಬೇಕೆಂಬ ಮಾತು ಕಾಫಿ ನಾಡಿನಲ್ಲಿ ಗಟ್ಟಿಯಾದದ್ದೂ ಇದೇ ವರ್ಷಗಳಲ್ಲಿ.

ಹೊರಗಿನ ಜಗತ್ತು ಈ ಪೂಲನ್ನು ಬಹುಕಾಲ ತಾಳಿಕೊಂಡದ್ದಕ್ಕೆ ಕಾರಣ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. 1962ರಲ್ಲಿ ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಕೂತು ರಫ್ತಿಗೆ ಕೋಟಾ ಹಾಕಿಕೊಂಡವು. ಪ್ರತಿ ದೇಶಕ್ಕೂ ಒಂದು ಪಾಲು, ಬೆಲೆಗೆ ಒಂದು ಆಧಾರ. ಕೋಟಾ ಹಂಚಿಕೆಗೆ ಒಂದೇ ಕೈಯಲ್ಲಿ ಕಾಫಿ ಇದ್ದರೆ ಸುಲಭ. ನಮ್ಮ ಮಂಡಳಿ ಅಂಥ ಕೈ. ಕೋಟಾದ ಆಚೆಯ ಕಾಫಿ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. ರೂಪಾಯಿ ವ್ಯಾಪಾರದಲ್ಲಿ ಅವರು ದರ್ಜೆಯ ಬಗ್ಗೆ ಹೆಚ್ಚು ಚೌಕಾಸಿ ಮಾಡುತ್ತಿರಲಿಲ್ಲ. ಅದು ವರವೋ ಶಾಪವೋ ಎಂಬ ಚರ್ಚೆ ಇಂದಿಗೂ ಇದೆ. ಚೆನ್ನಾಗಿ ಪಲ್ಪ್ ಮಾಡಿ ತೊಳೆದು ಒಣಗಿಸಿದವನಿಗೂ ಹೇಗೋ ಒಣಗಿಸಿದವನಿಗೂ ವ್ಯತ್ಯಾಸ ಪಾಯಿಂಟಿನಲ್ಲಿ ಮಾತ್ರ. ಯಾವ ತೋಟದ ಕಾಫಿ ಎಂಬ ಗುರುತು ಪೂಲಿನ ಗೋದಾಮಿನಲ್ಲಿ ಅಳಿಸಿಹೋಗುತ್ತಿತ್ತು. ಗುಣಕ್ಕಾಗಿ ಹೆಚ್ಚಿನ ಶ್ರಮ ಪಡುವ ಆಸೆ ಆ ದಶಕಗಳಲ್ಲಿ ಅನೇಕ ತೋಟಗಳಲ್ಲಿ ಆರಿತು. ಹಾಗೆಂದು ಆ ವ್ಯವಸ್ಥೆ ಗುಣವನ್ನು ಪೂರ್ತಿ ಕೊಂದಿತೆನ್ನಲಾಗದು. ಮಂಗಳೂರು ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವ ಗಾಳಿಗೆ ಕಾಫಿ ಹರವಿ ಉಬ್ಬಿಸುವ ಮಾನ್ಸೂನ್ಡ್ ಮಲಬಾರ್ ಆಗಲೂ ನಡೆಯುತ್ತಲೇ ಇತ್ತು. ಹಿಂದೆ ಹಾಯಿಹಡಗಿನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಪಯಣಿಸಿ ಕಾಫಿ ತಾನಾಗಿ ಪಡೆದಿದ್ದ ರುಚಿಯನ್ನು ದಡದಲ್ಲೇ ಬರಿಸುವ ಜಾಣ್ಮೆ ಅದು. 2008ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯೂ ಸಿಕ್ಕಿತು.

1975ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟವು. ಮುಂದಿನ ಎರಡು ವರ್ಷ ಲೋಕದ ಕಾಫಿ ಬೆಲೆ ಆಕಾಶಕ್ಕೇರಿತು. ಮಲೆನಾಡಿಗೆ ಅದರ ಬಿಸಿ ಅರ್ಧಂಬರ್ಧ ಮುಟ್ಟಿತು. ಕೇಂದ್ರ ಸರ್ಕಾರ ರಫ್ತು ಸುಂಕ ಏರಿಸಿ ತನ್ನ ಪಾಲು ತೆಗೆದುಕೊಂಡಿತು. ದೇಶದೊಳಗಿನ ಗ್ರಾಹಕನಿಗೆ ಕಾಫಿ ಕೈಗೆಟುಕುವ ಬೆಲೆಯಲ್ಲಿರಬೇಕೆಂಬ ಒತ್ತಡ ಇನ್ನೊಂದು ಕಡೆ. ಬೆಂಗಳೂರು ಮದರಾಸುಗಳ ಫಿಲ್ಟರ್ ಕಾಫಿಯ ಬೆಲೆಯಲ್ಲಿ ಬೆಳೆಗಾರನ ಸಬ್ಸಿಡಿ ಸೇರಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ನಡುವೆ, ಸೆಸ್ ಸಮಿತಿಯಿಂದ ಮಂಡಳಿಯ ಕೈಗೆ ಬಂದಿದ್ದ ಕಾಫಿ ಹೌಸುಗಳ ಮಾತೊಂದು. 1950ರ ದಶಕದ ನಡುವೆ ಮಂಡಳಿ ಅವುಗಳನ್ನು ಮುಚ್ಚಲು ಹೊರಟಾಗ, ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ನೇತೃತ್ವದಲ್ಲಿ ನೌಕರರೇ ಅವುಗಳನ್ನು ವಹಿಸಿಕೊಂಡರು. ಮೊದಲ ಕಾಫಿ ನೌಕರರ ಸಹಕಾರ ಸಂಘ 1957ರ ಆಗಸ್ಟ್‌ನಲ್ಲಿ ಕಟ್ಟಿಕೊಂಡದ್ದು ಬೆಂಗಳೂರಿನಲ್ಲೇ. ಮಂಡಳಿ ಬೇಡವೆಂದು ಬಿಟ್ಟದ್ದು ಮಂಡಳಿಗಿಂತ ಹೆಚ್ಚು ಪ್ರಸಿದ್ಧವಾಯಿತು! ಬೆಂಗಳೂರಿನ ಕಾಫಿ ಹೌಸ್ ಮಹಾತ್ಮ ಗಾಂಧಿ ರಸ್ತೆಯಿಂದ ಚರ್ಚ್ ಸ್ಟ್ರೀಟಿಗೆ ಹೋದ ಮೇಲೂ ಅಲ್ಲಿಗೆ ಹುಡುಕಿಕೊಂಡು ಹೋಗುವವರಿದ್ದಾರೆ.

ಪೂಲಿನ ಐವತ್ತು ವರ್ಷಗಳಲ್ಲಿ ತೋಟದೊಳಗೆ ನಡೆದ ಬದಲಾವಣೆ ಗೋದಾಮಿನಲ್ಲಿ ನಡೆದದ್ದಕ್ಕಿಂತ ದೊಡ್ಡದು. 1950-51ರಲ್ಲಿ ದೇಶದ ಒಟ್ಟು ಬೆಳೆ 19 ಸಾವಿರ ಟನ್ನಿನ ಹತ್ತಿರ, ಬಹುಪಾಲು ಅರೇಬಿಕಾ. ಇಂದು ಮೂರೂವರೆ ಲಕ್ಷ ಟನ್ನಿನ ಆಸುಪಾಸು, ಸುಮಾರು ಶೇ. 70 ರೋಬಸ್ಟಾ. ಒಟ್ಟು ಬೆಳೆಯಲ್ಲಿ ಕರ್ನಾಟಕದ ಪಾಲೂ ಹೆಚ್ಚುಕಡಿಮೆ ಅಷ್ಟೇ ಶೇಕಡಾ. ಬೋರರ್‌ಗೆ ಬೇಸತ್ತವರು, ಕೂಲಿಯಾಳು ಸಿಗದವರು, ತಗ್ಗಿನ ಸೆಖೆಯ ಜಾಗದವರು ರೋಬಸ್ಟಾಕ್ಕೆ ಹೊರಳಿದರು. ರೋಬಸ್ಟಾದ ಹಣೆಬರಹ ಫೆಬ್ರುವರಿ ಮಾರ್ಚಿನ ಹೂಮಳೆಯಲ್ಲಿದೆ. ಇಂಚು ಮಳೆ ಬಿದ್ದರೆ ಹೂ, ಸುಮಾರು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬಿದ್ದರೆ ಕಾಯಿ. ಎರಡರಲ್ಲಿ ಒಂದು ಕೈಕೊಟ್ಟರೂ ಆ ವರ್ಷ ಹೋಯಿತು. ಸ್ಪ್ರಿಂಕ್ಲರ್ ಬಂದು ಈ ಜೂಜಿನ ಒಂದು ಭಾಗವನ್ನು ಬೆಳೆಗಾರನ ಕೈಗೆ ಕೊಟ್ಟಿತು. ಹೊಳೆಗೆ ಪಂಪು, ತೋಟಕ್ಕೆ ಪೈಪು, ಕೆರೆ ತೋಡಲು ಸಾಲ. ಬಾಳೆಹೊನ್ನೂರಿನವರು ಎಷ್ಟು ನೀರು, ಯಾವ ದಿನ ಎಂಬ ಲೆಕ್ಕ ಕೊಟ್ಟರು. ಮಂಡಳಿ ಸಾಲ, ಸಹಾಯಧನ ಕೊಟ್ಟಿತು. ಮಲೆನಾಡಿನಲ್ಲಿ ತಂತ್ರಜ್ಞಾನ ಇಷ್ಟು ಬೇಗ ಹರಡಿದ ಉದಾಹರಣೆಗಳು ಕಡಿಮೆ. ಕಾರಣ ಸರಳ. ಪಕ್ಕದ ತೋಟದಲ್ಲಿ ಮಳೆ ಇಲ್ಲದೆಯೂ ಬೆಳ್ಳಗೆ ಹೂ ಬಿಟ್ಟದ್ದನ್ನು ನೋಡಿದವನಿಗೆ ಯಾವ ವಿಸ್ತರಣಾಧಿಕಾರಿಯ ಭಾಷಣವೂ ಬೇಕಾಗುವುದಿಲ್ಲ. ಹೊಳೆಗಳು ಬೇಸಗೆಯಲ್ಲಿ ಬೇಗ ಬತ್ತುವುದಕ್ಕೂ ಈ ಪಂಪುಗಳಿಗೂ ಇರುವ ಸಂಬಂಧದ ಬಗ್ಗೆ ನಾವು ಅಷ್ಟು ಉತ್ಸಾಹದಿಂದ ಮಾತಾಡುವುದಿಲ್ಲ.

ಬಾಳೆಹೊನ್ನೂರಿನ ಎಲ್ಲ ಕೂಸುಗಳೂ ಗೆಲ್ಲಲಿಲ್ಲ. 1985ರಲ್ಲಿ ಕಾವೇರಿ ಎಂಬ ಕುಳ್ಳ ತಳಿ ಬಂತು. ಕ್ಯಾಟಿಮೋರ್ ವಂಶದ್ದು, ಒತ್ತಾಗಿ ನೆಡಬಹುದು, ಬೇಗ ಫಸಲು, ತುಕ್ಕಿನ ಭಯವಿಲ್ಲ ಎಂದು ಎಲ್ಲರೂ ಮುಗಿಬಿದ್ದು ಹಾಕಿದರು. ಕೆಲವೇ ವರ್ಷಗಳಲ್ಲಿ ತುಕ್ಕೂ ಹತ್ತಿತು; ಬೋರರ್ ಮೊದಲೇ ಹತ್ತಿತ್ತು. ಒಮ್ಮೆಲೇ ಹೊರೆ ಫಸಲು ಹೊತ್ತ ಗಿಡಗಳು ಬಡವಾಗಿ ಸತ್ತವು. ಕಿತ್ತು ಮತ್ತೆ ಸೆವೆನ್ ನೈಂಟಿ ಫೈವ್ ಹಾಕಿದವರು ಅನೇಕರು. ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ತಪ್ಪು ತಳಿಯ ನಷ್ಟವನ್ನು ಬೆಳೆಗಾರ ಎಣಿಸುವುದು ವರ್ಷಗಳಲ್ಲಿ, ಬ್ಯಾಂಕು ಬಡ್ಡಿಯಲ್ಲಿ. 2007ರಲ್ಲಿ ಬಂದ ಚಂದ್ರಗಿರಿಯನ್ನು ಬೆಳೆಗಾರರು ಮೊದಲು ಮೂಲೆಯ ಒಂದು ಬ್ಲಾಕಿಗೆ ಮಾತ್ರ ಹಾಕಿ ನೋಡಿದ್ದರೆ ಅದಕ್ಕೆ ಹಿನ್ನೆಲೆ ಕಾವೇರಿ.

1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕೋಟಾ ಮುರಿದುಬಿತ್ತು. ದಾಸ್ತಾನು ಹಿಡಿದು ಕೂತಿದ್ದ ದೇಶಗಳು ಒಮ್ಮೆಗೇ ಮಾರುಕಟ್ಟೆಗೆ ನುಗ್ಗಿದವು. ಮೂರು ವರ್ಷದಲ್ಲಿ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪೂಲಿನ ಎರಡೂ ಊರುಗೋಲು ಮುರಿದವು. ಕಡಿಮೆ ಬೆಲೆಗೆ ತಡವಾದ ಕಂತು ಸೇರಿದಾಗ ಸಣ್ಣ ಬೆಳೆಗಾರರೇ ಬೀದಿಗಿಳಿದರು. ಕರ್ನಾಟಕ ಬೆಳೆಗಾರರ ಒಕ್ಕೂಟ ಮುಕ್ತ ಮಾರಾಟದ ಬೇಡಿಕೆಯನ್ನು ದೆಹಲಿಗೆ ಒಯ್ದಿತು. ಪೂಲು ಹೋದರೆ ಸಣ್ಣವರನ್ನು ವ್ಯಾಪಾರಿಗಳು ನುಂಗುತ್ತಾರೆ ಎಂದು ಎಚ್ಚರಿಸಿದವರು ಕಡಿಮೆ ಇರಲಿಲ್ಲ. ಅವರ ಭಯಕ್ಕೆ ಆಧಾರವೂ ಇತ್ತು.

ಸರ್ಕಾರ ಬೀಗ ತೆಗೆದದ್ದು ಮೆಟ್ಟಿಲು ಮೆಟ್ಟಿಲಾಗಿ. 1992ರಲ್ಲಿ ಬೆಳೆಯ ಶೇ. 30ನ್ನು ದೇಶದೊಳಗೆ ತಾವೇ ಮಾರಿಕೊಳ್ಳಬಹುದು ಎಂದಿತು. 1993ರಲ್ಲಿ ಶೇ. 50ರಷ್ಟನ್ನು ದೇಶದಲ್ಲಾಗಲಿ ಹೊರಗಾಗಲಿ ಮುಕ್ತವಾಗಿ ಮಾರಲು ಬಿಟ್ಟಿತು. 1995ರಲ್ಲಿ ಸಣ್ಣ ಬೆಳೆಗಾರರಿಗೆ ಪೂರ್ತಿ ಸ್ವಾತಂತ್ರ್ಯ, 1996ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ. ನಡುವೆ ಅದೃಷ್ಟ ಕೈಹಿಡಿಯಿತು. 1994ರ ಜೂನ್ ಜುಲೈನಲ್ಲಿ ಬ್ರೆಜಿಲ್‌ಗೆ ಮತ್ತೆ ಹಿಮ ಬಿದ್ದು ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟಿಗೂ ಮೀರಿತು. 1975ರಲ್ಲಿ ಕೈತಪ್ಪಿದ್ದು ಈ ಸಲ ನೇರ ಕೈಗೆ ಬಂತು. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಗಳಲ್ಲಿ ಹೊಸ ಮನೆ, ಹೊಸ ಜೀಪು. ಮುಕ್ತ ಮಾರುಕಟ್ಟೆಯ ಮೇಲೆ ಮಲೆನಾಡಿಗೆ ಹುಟ್ಟಿದ ಪ್ರೀತಿಯಲ್ಲಿ ಬ್ರೆಜಿಲ್‌ನ ಹಿಮದ ಪಾಲೆಷ್ಟು, ಸುಧಾರಣೆಯ ಪಾಲೆಷ್ಟು ಎಂದು ಬಿಡಿಸಿ ನೋಡುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ.

ಬಿಡಿಸಿ ತೋರಿಸಿದ್ದು ವಿಯೆಟ್ನಾಂ. 1990ರಲ್ಲಿ ಹದಿನೈದು ಲಕ್ಷ ಚೀಲವೂ ಬೆಳೆಯದಿದ್ದ ಆ ದೇಶ ಹತ್ತೇ ವರ್ಷದಲ್ಲಿ ಅದರ ಹತ್ತರಷ್ಟು ಬೆಳೆದು ರೋಬಸ್ಟಾದಲ್ಲಿ ಎಲ್ಲರನ್ನೂ ಹಿಂದಿಕ್ಕಿತು. 2001-02ರ ಹೊತ್ತಿಗೆ ಲೋಕದ ಸರಾಸರಿ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗೆ. ಕೀಳುವ ಕೂಲಿಗೂ ಸಾಲದ ಬೆಲೆಯೆಂದು ಹಣ್ಣು ಗಿಡದಲ್ಲೇ ಬಿಟ್ಟವರಿದ್ದರು. 1994ರ ಭರದಲ್ಲಿ ತೋಟ ಕೊಳ್ಳಲು, ವಿಸ್ತರಿಸಲು ಎತ್ತಿದ ಸಾಲ ಈಗ ಹೆಗಲ ಮೇಲೆ. 2002ರಲ್ಲಿ ಹಳೆಯ ಸಾಲಗಳನ್ನು ವಿಶೇಷ ಕಾಫಿ ಅವಧಿ ಸಾಲವಾಗಿ ಮಾರ್ಪಡಿಸಿದರು. 2010ರಲ್ಲಿ ಕೇಂದ್ರದ ಸಾಲ ಪರಿಹಾರ ಯೋಜನೆ ಬಂತು. ಅದರ ಆಚೆ ಉಳಿದ ಸಾಲ ಇನ್ನೊಂದು ವಿವಾದಕ್ಕೆ ದಾರಿ ಮಾಡಿತು. ಬ್ಯಾಂಕುಗಳು ಅಡಮಾನದ ಆಸ್ತಿ ಮಾರಿ ಸಾಲ ವಸೂಲಿ ಮಾಡಲು ಬಿಡುವ 2002ರ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಭೂಮಿಗೆ ವಿನಾಯಿತಿ ಇದೆ. ಕಾಫಿ ತೋಟ ಕೃಷಿ ಭೂಮಿಯೋ, ಪ್ಲಾಂಟೇಶನ್ ಎಂಬ ಬೇರೆ ಜಾತಿಯೋ? ಬ್ಯಾಂಕುಗಳು ತೋಟಗಳನ್ನು ಹರಾಜಿಗಿಟ್ಟಾಗ ಬೆಳೆಗಾರರು ಕೇಳಿದ ಪ್ರಶ್ನೆ ಇದು. ತೆರಿಗೆ ಕಾನೂನು ಇಂಥದ್ದೇ ಇನ್ನೊಂದು ಗೆರೆ ಎಳೆದಿದೆ. 2002ರಲ್ಲಿ ಬಂದ ನಿಯಮದಂತೆ, ತಾನು ಬೆಳೆದ ಕಾಫಿಯನ್ನು ಕ್ಯೂರ್ ಮಾಡಿ ಮಾರಿದರೆ ಆದಾಯದ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ವ್ಯಾಪಾರದ ಆದಾಯವೆಂದು ಗಣನೆ. ಮೌಲ್ಯವರ್ಧನೆ ಮಾಡಿ ಎಂದು ವೇದಿಕೆಯಲ್ಲಿ ಹೇಳುವ ಸರ್ಕಾರ ತೆರಿಗೆ ಪತ್ರದಲ್ಲಿ ಬೇರೆಯೇ ಮಾತಾಡುತ್ತದೆ.

ಮಾರುವುದನ್ನು ಬೆಳೆಗಾರ ಹೊಸದಾಗಿ ಕಲಿಯಬೇಕಾಯಿತು. ಚೆರ್ರಿ ಮೂಟೆ ಕೊಳ್ಳಲು ಬಂದ ವ್ಯಾಪಾರಿ ಮೊದಲು ಕೇಳುವುದು ‘ಓಟಿ ಎಷ್ಟು’ ಎಂದು. 50 ಕಿಲೋ ಚೆರ್ರಿಯಿಂದ ಎಷ್ಟು ಕಿಲೋ ಬೇಳೆ ಸಿಗುತ್ತದೆ ಎಂಬ ಈ ಔಟ್‌ಟರ್ನ್ ಲೆಕ್ಕ ಪೂಲಿನ ಕಾಲದಲ್ಲಿ ಕ್ಯೂರಿಂಗ್ ವರ್ಕ್ಸಿನವರ ತಲೆನೋವಾಗಿತ್ತು. ಈಗ ಹಳ್ಳಿಯ ಹುಡುಗನೂ ಮಾದರಿ ಕುಟ್ಟಿ ಓಟಿ ಹೇಳುತ್ತಾನೆ. ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್. ಸಂಜೆಯಾದರೆ ಮೊಬೈಲಿನಲ್ಲಿ ಟರ್ಮಿನಲ್ ದರ ನೋಡದ ಬೆಳೆಗಾರನಿಲ್ಲ. ತೊಳೆದ ಭಾರತೀಯ ರೋಬಸ್ಟಾಕ್ಕೆ ಇಟಲಿಯ ಎಸ್ಪ್ರೆಸೊ ಹುರಿಯುವವರು ಲಂಡನ್ ದರದ ಮೇಲೆ ಹೆಚ್ಚುವರಿ ಕೊಡುತ್ತಾರೆ. ನೆರಳಿನಲ್ಲಿ ನಿಧಾನಕ್ಕೆ ಮಾಗುವ ಕಾಯಿ, ಕೈಯಿಂದ ಕಿತ್ತ ಹಣ್ಣು, ಎರಡಕ್ಕೂ ಸಿಗುವ ಬೆಲೆ ಅದು. ಮೈಸೂರು ನಗೆಟ್ಸ್, ಕಾಪಿ ರಾಯಲ್ ಎಂಬ ದರ್ಜೆಗಳು, 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಬಂದ ಭೌಗೋಳಿಕ ಸೂಚಿಕೆ, ಪೂಲಿನಲ್ಲಿ ಅಳಿಸಿಹೋಗಿದ್ದ ತೋಟದ ಗುರುತನ್ನು ವಾಪಸು ತಂದವು. ಕಾಫಿ ರಫ್ತು ಮಾಡುತ್ತಿದ್ದ ಚಿಕ್ಕಮಗಳೂರಿನ ವಿ. ಜಿ. ಸಿದ್ಧಾರ್ಥ, ಬಾಗಿಲು ತೆರೆದ ಅದೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದು ಕಾಕತಾಳೀಯವೇನಲ್ಲ. ಬೆಲೆ ಬಿದ್ದ ವರ್ಷಗಳಲ್ಲಿ ತೋಟವನ್ನು ಉಳಿಸಿದ್ದು ಮಾತ್ರ ಸಿಲ್ವರ್ ಓಕಿಗೆ ಹಬ್ಬಿಸಿದ ಕಾಳುಮೆಣಸು. ಕಾಫಿಯ ನಷ್ಟವನ್ನು ಮೆಣಸು ತುಂಬಿದ ಲೆಕ್ಕ ಯಾವ ಮಂಡಳಿಯ ವರದಿಯಲ್ಲೂ ಪೂರ್ತಿ ಕಾಣುವುದಿಲ್ಲ.

ಮಾರಾಟ ಹೋದ ಮೇಲೆ ಮಂಡಳಿಗೆ ಉಳಿದದ್ದು ಸಂಶೋಧನೆ, ವಿಸ್ತರಣೆ, ಸಹಾಯಧನ, ರಫ್ತು ದಾಖಲೆ, ಪ್ರಚಾರ. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಕಾಫಿ ಸಮ್ಮೇಳನ ಏಷ್ಯಾದಲ್ಲೇ ಮೊದಲ ಸಲ ಬೆಂಗಳೂರಿನಲ್ಲಿ ನಡೆಯಿತು. ಕೊಡಗಿನ ಕಾಫಿ ಮನೆತನದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅದರ ರಾಯಭಾರಿ. 2024ರಲ್ಲಿ ಲಂಡನ್‌ನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿ ದಾಖಲೆ ಬರೆಯಿತು. 2024-25ರ ಭಾರತದ ಕಾಫಿ ರಫ್ತು 180 ಕೋಟಿ ಡಾಲರ್ ಆಸುಪಾಸು. ಈ ಅಂಕಿಯಲ್ಲಿ ಹೊರಗಿನಿಂದ ಅಗ್ಗದ ಕಾಫಿ ತಂದು ಇನ್‌ಸ್ಟಂಟ್ ಮಾಡಿ ಮತ್ತೆ ಹೊರಗೆ ಕಳಿಸಿದ್ದೂ ಸೇರಿದೆ ಎಂಬುದನ್ನು ಸಂಭ್ರಮದ ಭಾಷಣಗಳು ಹೇಳುವುದಿಲ್ಲ. ಆದರೂ ರೋಬಸ್ಟಾ ಬೆಳೆಗಾರನ ತಲೆಮಾರಿನಲ್ಲಿ ಇಂಥ ವರ್ಷ ಬಂದಿರಲಿಲ್ಲ. ಚೆರ್ರಿಯನ್ನು ಗೋದಾಮಿನಲ್ಲಿಟ್ಟು, ಇನ್ನೂ ಏರಲಿ ಎಂದು ಕಾದವರಲ್ಲಿ ಎರಡೆಕರೆಯವರೂ ಇದ್ದರು. ಕಾಯುವುದೇನೋ ಹಿಂದಿನ ಹಾಗೇ ಉಂಟು, ಈ ಸಲ ಯಾವಾಗ ಬಿಡಬೇಕೆಂದು ತೀರ್ಮಾನಿಸುವವರು ಅವರೇ.

ಮಂಡಳಿಯ ಮುಂದೆ ಈಗ ಇರುವುದು ಯುರೋಪಿನ ಹೊಸ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲ, ಪ್ರತಿ ಮೂಟೆ ಯಾವ ಜಮೀನಿನದು ಎಂದು ಉಪಗ್ರಹದ ಅಕ್ಷಾಂಶ ರೇಖಾಂಶ ಕೊಡಿ ಎಂದು ಐರೋಪ್ಯ ಒಕ್ಕೂಟ ಕೇಳುತ್ತಿದೆ. ಜಾರಿಯ ದಿನ ಮತ್ತೆ ಮತ್ತೆ ಮುಂದಕ್ಕೆ ಹೋಗಿದೆಯಾದರೂ ನಿಯಮ ಹೋಗಿಲ್ಲ. ನಮ್ಮ ರಫ್ತಿನ ದೊಡ್ಡ ಪಾಲು ಇಟಲಿ, ಜರ್ಮನಿ, ಬೆಲ್ಜಿಯಂಗಳಿಗೆ. ಮರದ ನೆರಳಲ್ಲಿ ಕಾಫಿ ಬೆಳೆದ ನಮಗೆ ಇದು ಕಷ್ಟವಾಗಬಾರದು. ಮಂಡಳಿ ಬೆಳೆಗಾರರನ್ನು ಆ್ಯಪ್‌ನಲ್ಲಿ ನೋಂದಾಯಿಸಿ ತೋಟಗಳ ಗಡಿ ಗುರುತಿಸುತ್ತಿದೆ. ಕೊಡಗಿನಲ್ಲಿ ಆ ಕೆಲಸ ಕುಟುಂಬಗಳು ವಂಶಪಾರಂಪರ್ಯವಾಗಿ ಹಿಡಿದ ಜಮ್ಮಾ ಬಾಣೆ ಜಮೀನಿಗೆ ಬಂದು ನಿಲ್ಲುತ್ತದೆ. ಖಾತೆ ಒಕ್ಕದ (ಮನೆತನದ) ಹಿರಿಯನಾದ ಪಟ್ಟೇದಾರನ ಹೆಸರಲ್ಲಿ, ಕಾಫಿ ನಾಲ್ಕಾರು ಕವಲುಗಳ ಕೈಯಲ್ಲಿ, ಬಾಣೆಯ ಮರಗಳ ಹಕ್ಕಿನ ಮೇಲೆ ಸರ್ಕಾರದ ಜೊತೆ ಹಳೆಯ ತಕರಾರು. 2011ರ ಭೂಕಂದಾಯ ತಿದ್ದುಪಡಿಯ ನಂತರವೂ ಎಷ್ಟೋ ಮನೆಗಳಿಗೆ ಬೇರೆ ಖಾತೆಯಾಗಿಲ್ಲ. ಬ್ಯಾಂಕ್ ಸಾಲಕ್ಕೆ ಅಡ್ಡ ಬರುತ್ತಿದ್ದ ಅದೇ ಪಹಣಿ ಈಗ ರಫ್ತಿಗೂ ಅಡ್ಡ ಬಂದಿದೆ. ಅದನ್ನು ಬಿಡಿಸುವ ಅಧಿಕಾರ ಇರುವುದು ಕಂದಾಯ ಇಲಾಖೆಗೆ. ಮೂಟೆ ಯಾರದೆಂದು ಯುರೋಪಿಗೆ ಉತ್ತರ ಹೇಳುವ ದಾಖಲೆ ಒದಗಿಸಬೇಕಾದದ್ದು ಮಂಡಳಿ.